ಮೂರನೇ ಗುಂಪಿನ ಇಲಿಗಳು ಮತ್ತು ನಾನು

ಮಾತ್ರೆಯ ಡಬ್ಬಿಯೊಳಗೆ ಮಡಚಿ ಮಡಚಿ ತುರುಕಿರುವ ಕಾಗದವನ್ನು ಓದಬಾರದು ಎಂದು ತಿಳಿದವರು ಹೇಳುತ್ತಾರೆ. ತಿಳಿದವರು ಎಂದರೆ ನಮ್ಮ ಯಜಮಾನರು. ಅವರು ಯಾವ ಕಾಗದವನ್ನೂ ಪೂರ್ತಿ ಓದದೆಯೇ ವಿಮಾ ಕಚೇರಿಯಲ್ಲಿ ಇಡೀ ನೌಕರಿ ಮುಗಿಸಿ, ಈಗ ಪಿಂಚಣಿ ತೆಗೆದುಕೊಂಡು ಹಾಯಾಗಿದ್ದಾರೆ. ನನಗೆ ಆ ಭಾಗ್ಯವಿಲ್ಲ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು; ಕಡಲೆಕಾಯಿ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದಿ, ಕಾಗುಣಿತ ತಪ್ಪಿದ್ದರೆ ಮನಸ್ಸಿನಲ್ಲೇ ತಿದ್ದಿ, ಆಮೇಲೆ ಬಿಸಾಡುವ ಜಾತಿ. ಹಾಗಾಗಿ ಆ ಮಾತ್ರೆ ಕಾಗದವನ್ನೂ ಓದುತ್ತೇನೆ. ಅದರ ಆರಂಭ ಸೌಮ್ಯವಾಗಿರುತ್ತದೆ. ಸ್ವಲ್ಪ ತಲೆನೋವು, ಸ್ವಲ್ಪ ಓಕರಿಕೆ. ಎರಡನೆಯ ಮಡಿಕೆ ಬಿಚ್ಚುವಷ್ಟರಲ್ಲಿ ಚರ್ಮ, ಮೂರನೆಯದರಲ್ಲಿ ಮೂತ್ರಪಿಂಡ, ಕೊನೆಯ ಮಡಿಕೆಯಲ್ಲಿ 'ಅತಿ ಅಪರೂಪವಾಗಿ' ಎಂದು ಶುರುವಾಗುವ ಒಂದು ವಾಕ್ಯ. ಆ 'ಅತಿ ಅಪರೂಪವಾಗಿ' ಎಂಬುದು ನನ್ನನ್ನೇ ಹೆಸರು ಹಿಡಿದು ಕರೆದಂತೆ ಕೇಳಿಸುತ್ತದೆ. ಮದುವೆ ಮನೆಯ ಸಾಲು ಪಂಕ್ತಿಯಲ್ಲಿ ಅನ್ನದೊಳಗಿನ ಒಂದೇ ಒಂದು ಕಲ್ಲು ಯಾರ ಹಲ್ಲಿಗೆ ಸಿಕ್ಕೀತು ಹೇಳಿ? ನನ್ನದಕ್ಕೇ. ಬಸ್‌ ಸ್ಟಾಪಿನಲ್ಲಿ ಅಷ್ಟು ಜನ ನಿಂತಿದ್ದರೂ ಪಾರಿವಾಳ ಆರಿಸಿಕೊಂಡದ್ದು ನನ್ನ ತಲೆಯನ್ನೇ. ಇಂಥವಳಿಗೆ ಅಪರೂಪ ಎನ್ನುವುದು ಸಮಾಧಾನದ ಮಾತಲ್ಲ.

ಮಾತ್ರೆ ನನ್ನ ಬಾಳಿಗೆ ಬಂದದ್ದು ಬೆರಳುಗಳ ಮೂಲಕ. ಹೋದ ವರ್ಷ ಒಂದು ಬೆಳಿಗ್ಗೆ ಎದ್ದು ಕಾಫಿ ಫಿಲ್ಟರಿನ ಮುಚ್ಚಳ ತೆಗೆಯಲು ಹೋದರೆ ಬೆರಳು ಮಡಿಸಲೇ ಬರಲಿಲ್ಲ. ಚಳಿಗೆ ಇರಬೇಕು ಎಂದುಕೊಂಡೆ. ಚಳಿಗಾಲ ಮುಗಿದು ಸೆಕೆ ಬಂದರೂ ಬೆರಳು ಬಗ್ಗಲಿಲ್ಲ. ಶಾಲೆಯಲ್ಲಿ ಬೋರ್ಡಿನ ಮೇಲೆ 'ಋ' ಬರೆಯುವುದು ದೊಡ್ಡ ಪ್ರಯಾಣವಾಯಿತು. ಅದರ ಬಾಲದ ಹತ್ತಿರ ಬರುವಷ್ಟರಲ್ಲಿ ಸೀಮೆಸುಣ್ಣ ಕೈಯಿಂದ ಜಾರಿ ಬೀಳುತ್ತಿತ್ತು. ಕೊನೆಗೆ ಯಜಮಾನರು ಜಯನಗರದ ಒಬ್ಬ ಕೀಲಿನ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದರು. ಆಕೆ ನನ್ನ ಒಂದೊಂದೇ ಬೆರಳನ್ನು ಬೆಂಡೆಕಾಯಿ ಎಳೆಯದೋ ಬಲಿತದ್ದೋ ಎಂದು ನೋಡುವಂತೆ ಒತ್ತಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಇದು ಸಂಧಿವಾತ ಎಂದರು. ಮೈಯನ್ನು ಕಾಯಬೇಕಾದ ಸೈನ್ಯವೇ ದಾರಿ ತಪ್ಪಿ ಕೀಲುಗಳ ಮೇಲೆ ದಾಳಿ ಮಾಡುತ್ತದಂತೆ. ವಾರಕ್ಕೆ ಒಂದೇ ದಿನ ನುಂಗುವ ಒಂದು ಮಾತ್ರೆ, ಅದರ ಜೊತೆಗೆ ಒಂದು ವಿಟಮಿನ್, ಆಗಾಗ ಲಿವರಿನ ರಕ್ತ ಪರೀಕ್ಷೆ ಎಂದು ಚೀಟಿ ಬರೆದುಕೊಟ್ಟರು.

"ಲಿವರ್ ಯಾಕೆ ಡಾಕ್ಟರೇ? ನೋವಿರೋದು ಕೈಯಲ್ಲಿ" ಎಂದೆ.

"ಏನಿಲ್ಲ ಅಮ್ಮಾ, ಈ ಮಾತ್ರೆ ಕೊಟ್ಟಾಗ ಅದರ ಮೇಲೆ ಒಂದು ಕಣ್ಣಿಟ್ಟಿರ್ತೀವಿ, ಅಷ್ಟೇ."

ಅಷ್ಟೇ ಅಂತೆ! ಕಣ್ಣಿಡುವುದು ಕಳ್ಳರ ಮೇಲೆ ತಾನೆ? ಆದರೆ ಸುಳ್ಳು ಹೇಳಬಾರದು, ಕೆಲವು ವಾರಗಳಲ್ಲಿ ಬೆರಳು ಬಿಟ್ಟುಕೊಂಡವು. ಫಿಲ್ಟರ್ ತೆರೆಯಿತು, ಋಕಾರದ ಬಾಲ ಮರಳಿ ಬಂತು. ಪ್ರತಿ ಭಾನುವಾರ ಆ ಪುಟ್ಟ ಹಳದಿ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು, ಉಪಕಾರ ಮಾಡಿದ ಪುಢಾರಿಗೆ ನಮಸ್ಕರಿಸುವಂತೆ ಅರ್ಧ ಕೃತಜ್ಞತೆಯಲ್ಲೂ ಅರ್ಧ ಭಯದಲ್ಲೂ ನುಂಗಿಕೊಂಡಿದ್ದೆ. ಆ ಭಯವೂ ಬರಬರುತ್ತ ಹಳೆಯ ಬಾಡಿಗೆದಾರನಂತೆ ಸದ್ದು ಮಾಡದೆ ಒಂದು ಮೂಲೆಯಲ್ಲಿತ್ತು. ಅಷ್ಟರಲ್ಲಿ ನನ್ನ ತಂಗಿಯ ಮಗಳು ಸಿಂಚನ ನಮ್ಮ ಮನೆಗೆ ಬಂದಳು.

ಸಿಂಚನ ತಿಪಟೂರಿನವಳು. ಔಷಧ ಶಾಸ್ತ್ರದಲ್ಲಿ ಎಂ.ಫಾರ್ಮ್ ಓದಲು ಜೆ.ಪಿ. ನಗರದ ಕಡೆಯ ಒಂದು ಕಾಲೇಜಿಗೆ ಸೇರಿದ್ದಳು. ಹಾಸ್ಟೆಲಿನ ಸಾಂಬಾರು ಅವಳ ಹೊಟ್ಟೆಗೆ ಒಗ್ಗದೆ, ಬನಶಂಕರಿಯ ನಮ್ಮ ಮನೆಯ ಸಣ್ಣ ರೂಮಿಗೆ ಪುಸ್ತಕಗಳ ಸಮೇತ ಬಂದಿಳಿದಳು. ಒಳ್ಳೆಯ ಹುಡುಗಿ, ತಿಂದ ತಟ್ಟೆ ತೊಳೆದಿಡುತ್ತಾಳೆ, ದೊಡ್ಡಪ್ಪನ ಹಳೆಯ ತಮಾಷೆಗಳಿಗೆ ಹೊಸದಾಗಿ ನಗುತ್ತಾಳೆ. ಒಂದು ಸಂಜೆ ಊಟದ ಹೊತ್ತಿನಲ್ಲಿ ಹುಳಿಗೆ ತುಪ್ಪ ಹಾಕಿಕೊಳ್ಳುತ್ತ, "ನಾಳೆಯಿಂದ ನಮ್ಮ ಇಲಿಗಳಿಗೆ ಗ್ರೀನ್ ಟೀ ಶುರು ದೊಡ್ಡಮ್ಮ" ಎಂದಳು.

ಯಜಮಾನರು ತಲೆ ಎತ್ತದೆ, "ಸಕ್ಕರೆ ಹಾಕ್ತೀರೋ, ಹಾಗೇನೋ?" ಎಂದರು.

ಅದು ಅವಳ ಪ್ರಬಂಧದ ವಿಷಯವಂತೆ. ಕೆಲವು ಔಷಧಗಳು ಒಂದು ರೋಗ ವಾಸಿ ಮಾಡುವಾಗ ಲಿವರನ್ನೋ ಕಿಡ್ನಿಯನ್ನೋ ಕೆಡಿಸುವುದುಂಟು. ಹಸಿರು ಚಹಾದಲ್ಲಿರುವ ಸಾರಕ್ಕೆ ಆ ಹಾನಿಯನ್ನು ತಡೆಯುವ ಶಕ್ತಿ ಇದೆಯೇ ಎಂದು ಇಲಿಗಳ ಮೇಲೆ ನೋಡುವುದು. ಇಲಿಗಳನ್ನು ನಾಲ್ಕು ಗುಂಪು ಮಾಡುತ್ತಾರೆ. ಒಂದನೆಯದಕ್ಕೆ ಬರೀ ನೀರು, ಎರಡನೆಯದಕ್ಕೆ ಬರೀ ಚಹಾ, ಮೂರನೆಯದಕ್ಕೆ ಬರೀ ಔಷಧ, ನಾಲ್ಕನೆಯದಕ್ಕೆ ಚಹಾ ಮತ್ತು ಔಷಧ ಎರಡೂ. ಕೊನೆಗೆ ಯಾರ ಲಿವರ್ ಹೇಗಿದೆ ಎಂದು ಹೋಲಿಸಿ ನೋಡುತ್ತಾರೆ. ನನಗೆ ತುಂಬ ಹಿಡಿಸಿತು. ನಮ್ಮ ಮನೆಯ ಮಗು ಇಷ್ಟು ದೊಡ್ಡ ಕೆಲಸ ಮಾಡುತ್ತಿದೆ ಎಂದು ಹೆಮ್ಮೆಯಿಂದ ಇನ್ನೊಂದು ಸೌಟು ಹುಳಿ ಬಡಿಸುತ್ತ, "ಅಂದ್ಹಾಗೆ, ಲಿವರ್ ಕೆಡಿಸೋಕೆ ಯಾವ ಔಷಧ ಕೊಡ್ತೀರೇ?" ಎಂದು ಕೇಳಿದೆ. ಕೇಳಬಾರದಿತ್ತು.

"ಮೆಥೊಟ್ರೆಕ್ಸೇಟ್" ಎಂದಳು.

ಆ ಹೆಸರು ಎಲ್ಲೋ ಕೇಳಿದಂತಿತ್ತು. ಮದುವೆ ಮನೆಯಲ್ಲಿ ಯಾರೋ ಪರಿಚಿತ ಮುಖ ಕಂಡು, ಯಾರು ಯಾರು ಎಂದು ತಲೆ ಕೆರೆದುಕೊಳ್ಳುತ್ತೇವಲ್ಲ, ಹಾಗೆ. ಸೌಟನ್ನು ಪಾತ್ರೆಯಲ್ಲೇ ಬಿಟ್ಟು ರೂಮಿಗೆ ಹೋದೆ. ನನ್ನ ಭಾನುವಾರದ ಮಾತ್ರೆಯ ಹಾಳೆಯ ಮೇಲೆ ಕಂಪನಿಯವರು ಇಟ್ಟ ಮುದ್ದು ಹೆಸರು ದಪ್ಪ ಅಕ್ಷರದಲ್ಲಿತ್ತು. ಅದರ ಕೆಳಗೆ ಇರುವೆಯ ಸಾಲಿನಂತೆ ಅದರ ನಿಜನಾಮ. ಕನ್ನಡಕ ಸಾಲದೆ ಯಜಮಾನರ ಭೂತಗನ್ನಡಿ ತಂದು, ಮೊಬೈಲಿನ ಬೆಳಕು ಬಿಟ್ಟು ಓದಿದೆ. ಒಂದೊಂದೇ ಅಕ್ಷರ ಕೂಡಿಸಿಕೊಂಡು, ಒಂದನೇ ತರಗತಿಯ ಮಗುವಿನಂತೆ. ಅದೇ ಹೆಸರು. ಹಾಳೆಯನ್ನು ಹಿಡಿದು ಊಟದ ಮನೆಗೆ ಬಂದು ಅವಳ ತಟ್ಟೆಯ ಪಕ್ಕ ಇಟ್ಟೆ.

"ಇದೇನಾ?"

ಸಿಂಚನ ನೋಡಿದಳು. "ಅಯ್ಯೋ ದೊಡ್ಡಮ್ಮ! ನೀನು ತಗೊಳ್ಳೋದು ಇದಾ?"

ಅವಳು ಆಮೇಲೆ ಹೇಳಿದ ಮಾತೆಲ್ಲ ಸರಿಯಾದದ್ದೇ. ಇಲಿಗಳಿಗೆ ಬೇಕೆಂದೇ ಲಿವರ್ ಕೆಡುವಷ್ಟು ಕೊಡುತ್ತಾರೆ, ಮನುಷ್ಯರಿಗೆ ಕೊಡುವುದಕ್ಕೂ ಅದಕ್ಕೂ ಅಜಗಜಾಂತರ, ಲಕ್ಷಾಂತರ ಜನ ಇದನ್ನು ತೆಗೆದುಕೊಂಡು ಚೆನ್ನಾಗಿದ್ದಾರೆ, ಡಾಕ್ಟರು ಅದಕ್ಕೆಂದೇ ಪರೀಕ್ಷೆ ಮಾಡಿಸುತ್ತಾರೆ. ಎಲ್ಲವನ್ನೂ ತಾಳ್ಮೆಯಿಂದ ಬಿಡಿಸಿ ಬಿಡಿಸಿ ಹೇಳಿದಳು. ಆದರೆ ನನ್ನ ಕಿವಿಯಲ್ಲಿ ಉಳಿದದ್ದು ಆ ಮೊದಲ 'ಅಯ್ಯೋ' ಮಾತ್ರ. ಆ ಸಂಜೆ ಪಾತ್ರೆ ಎತ್ತಿಡುವಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಬರೀ ಔಷಧ, ಚಹಾ ಇಲ್ಲ. ನಾನು ಮೂರನೇ ಗುಂಪು.

ಮರುದಿನದಿಂದ ಸಿಂಚನ ಕಾಲೇಜಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ. "ಮೂರನೇ ಗುಂಪು ಹೇಗಿದೆ?" ಇನ್ನೂ ಔಷಧ ಚುಚ್ಚಿಲ್ಲ, ಈಗ ಬರೀ ಚಹಾ ನಡೆಯುತ್ತಿದೆ ಎಂದರೆ ಉಸಿರು ಬಿಡುತ್ತಿದ್ದೆ. ಕೆಲವು ದಿನಗಳ ನಂತರ ಚುಚ್ಚಿದರು. ಆಮೇಲಿನ ಸುದ್ದಿಗಳು ಕೆಟ್ಟವು. ಮೂರನೇ ಗುಂಪು ಊಟ ಕಡಿಮೆ ಮಾಡಿದೆ. ಮೂಲೆಯಲ್ಲಿ ಮುದುರಿ ಕೂತಿರುತ್ತದೆ. ಕೂದಲಿನ ಹೊಳಪು ಹೋಗಿದೆ. ತೂಕ ಇಳಿದಿದೆ. ನಾನು ಒಂದೊಂದನ್ನೂ ಕೇಳಿಕೊಂಡು ಒಳಗೆ ಹೋಗಿ ನನ್ನೊಂದಿಗೆ ತಾಳೆ ನೋಡುತ್ತಿದ್ದೆ. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬೆಳಕಿಗೆ ಹಿಡಿದೆ, ಹೊಳಪಿರಲಿಲ್ಲ. ತೂಕದ ಯಂತ್ರ ಹತ್ತಿದರೆ ಇಳಿದಿದ್ದೆ. ಮದುವೆಯಾದಂದಿನಿಂದ ಇಳಿಸಲು ನೋಡುತ್ತಿದ್ದ ತೂಕ ಅದು. ಇಳಿದ ದಿನ ಸಂಭ್ರಮಿಸಬೇಕಾದವಳು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ. ಊಟ ಸೇರುತ್ತಿಲ್ಲ ಎಂದೆ. ಯಜಮಾನರು, "ಹಾಗಿದ್ರೆ ಮೂಲೇಲಿ ಕೂತ್ಕೋಬೇಡ, ಹಾಲಿಗೆ ಬಾ. ಬಾಲ ಏನಾದ್ರೂ ಬಂದಿದ್ಯಾ ನೋಡ್ಕೊಂಡ್ಯಾ?" ಎಂದರು. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಎಂಬ ಗಾದೆ ನನಗೆ ಪೂರ್ತಿ ಅರ್ಥವಾದದ್ದು ಆವತ್ತೇ. ಸಂಜೆ ದೇವಸ್ಥಾನಕ್ಕೆ ಹೋದರೆ, ಗಣಪತಿಗೆ ಕೈ ಮುಗಿದವಳಿಗೆ ಅವನ ಪಾದದ ಬಳಿ ಕೂತ ಇಲಿಯ ಮುಖ ನೋಡುವ ಧೈರ್ಯವಾಗಲಿಲ್ಲ.

"ನಾಲ್ಕನೇ ಗುಂಪು?" ಎಂದು ಒಂದು ದಿನ ಕೇಳಿದೆ.

"ಅವು ಪರವಾಗಿಲ್ಲ ದೊಡ್ಡಮ್ಮ. ಓಡಾಡ್ಕೊಂಡಿವೆ. ಒಂದಂತೂ ನಾನು ಕೈ ಇಟ್ರೆ ಸಾಕು, ಬಂದು ಅಂಗೈಯಲ್ಲೇ ಕೂತ್ಕೊಳತ್ತೆ. ಸಖತ್ ಮುದ್ದು."

ಅಷ್ಟು ಸಾಕಾಯಿತು. ಮರುದಿನ ಶಾಲೆ ಬಿಟ್ಟ ಕೂಡಲೇ ಆಟೋ ಹಿಡಿದು ಜಯನಗರ ಫೋರ್ತ್ ಬ್ಲಾಕಿನ ಅಂಗಡಿಗೆ ಹೋಗಿ ಗ್ರೀನ್ ಟೀ ತಂದೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎಂಬ ಗಾದೆಯನ್ನು ವರ್ಷ ವರ್ಷವೂ ಮಕ್ಕಳಿಂದ ವಿಸ್ತರಿಸಿ ಬರೆಸಿದ್ದೇನೆ. ಆ ಹುಲ್ಲುಕಡ್ಡಿಯನ್ನು ಬಿಸಿನೀರಿನಲ್ಲಿ ಅದ್ದಿ ಕುಡಿಯಬೇಕಾಗುತ್ತದೆ ಎಂದು ಮಾತ್ರ ಯಾರೂ ಬರೆದಿರಲಿಲ್ಲ. ನಾವು ಕಾಫಿಯ ಮನೆಯವರು. ಬೆಳಿಗ್ಗೆ ಡಿಕಾಕ್ಷನ್ ಇಳಿಯುವ ಸದ್ದಿಗೆ ಏಳುವವರು. ಅಂಥ ಮನೆಯಲ್ಲಿ ಹಾಲಿಲ್ಲದ, ಸಕ್ಕರೆಯಿಲ್ಲದ, ಬಣ್ಣವೂ ನೆಟ್ಟಗಿಲ್ಲದ ಆ ನೀರನ್ನು ಲೋಟಕ್ಕೆ ಬಗ್ಗಿಸಿಕೊಂಡು ಕೂತಾಗ ನನಗೇ ನನ್ನ ಮೇಲೆ ಕನಿಕರ ಬಂತು. ಯಜಮಾನರು ಒಂದು ಗುಟುಕು ಕುಡಿದು, ಬಹಳ ಹೊತ್ತು ಯೋಚಿಸಿ, "ಹುಲ್ಲುಹಾಸಿಗೆ ನೀರು ಬಿಟ್ಟಾಗ ಅಂಚಲ್ಲಿ ಹರಿದು ಬರತ್ತಲ್ಲ, ಅದು" ಎಂದರು. ನಾನು ಮೂಗು ಮುಚ್ಚಿಕೊಂಡು ಕುಡಿದೆ. ಬೆಳಿಗ್ಗೆ ಕುಡಿದೆ, ಮಧ್ಯಾಹ್ನ ಶಾಲೆಯ ಸ್ಟಾಫ್ ರೂಮಿನಲ್ಲಿ ಫ್ಲಾಸ್ಕಿನಿಂದ ಕುಡಿದೆ, ಸಂಜೆಯೂ ಕುಡಿದೆ. ಸಿಂಚನ ನೋಡಿ ನಕ್ಕು, "ಒಂದೆರಡು ಕಪ್ ಕುಡಿದ್ರೆ ತೊಂದ್ರೆ ಇಲ್ಲ. ಆದ್ರೆ ಅದರಿಂದ ಏನೋ ಆಗ್ಬಿಡತ್ತೆ ಅಂತ ಅಂದ್ಕೋಬೇಡ. ಇಲಿಗೆ ಆಗಿದ್ದು ಮನುಷ್ಯರಿಗೆ ಆಗತ್ತೆ ಅಂತ ಇಲ್ಲ. ಮುಂದಿನ ಸಲ ಹೋದಾಗ ಡಾಕ್ಟರ್‌ಗೆ ಹೇಳು" ಎಂದಳು. ನಾನು ಹೂಂ ಎಂದೆ. ಹೆದರಿದವರ ಹೂಂಗೆ ಬೆಲೆಯಿಲ್ಲ ಎಂದು ಆ ಮಗುವಿಗೆ ಇನ್ನೂ ಗೊತ್ತಿರಲಿಲ್ಲ.

ನನ್ನ ಲೆಕ್ಕ ಬೇರೆಯೇ ಇತ್ತು. ಇಲಿಗಳಿಗೆ ಅವುಗಳ ತೂಕಕ್ಕೆ ತಕ್ಕಂತೆ ಕೊಡುತ್ತಾರೆ ಎಂದಿದ್ದಳಲ್ಲ. ಅಂಗೈಯಲ್ಲಿ ಕೂರುವ ಪ್ರಾಣಿಗೆ ಅಷ್ಟು ಬೇಕಾದರೆ, ಆಟೋದಲ್ಲಿ ಮುಕ್ಕಾಲು ಸೀಟು ಹಿಡಿಯುವ ನನಗೆ ಎಷ್ಟು ಬೇಕು? ಫ್ಲಾಸ್ಕು ಸಾಲದು, ಸಂಪು ಬೇಕು. ಈ ಚಿಂತೆಯನ್ನು ಪಾರ್ಕಿನಲ್ಲಿ ನನ್ನ ಜೊತೆ ವಾಕಿಂಗ್ ಮಾಡುವ ಗೆಳತಿ ವನಮಾಲಾಳ ಮುಂದೆ ತೋಡಿಕೊಂಡೆ. ವನಮಾಲಾ ಯಾವ ಕಾಯಿಲೆಯನ್ನೂ ಚಿಕ್ಕದು ಎನ್ನುವವಳಲ್ಲ, ಯಾವುದಕ್ಕೂ ಮದ್ದಿಲ್ಲ ಎನ್ನುವವಳೂ ಅಲ್ಲ.

"ಅಷ್ಟೊಂದು ಯಾಕೆ ಕುಡೀತೀಯಾ? ರಾತ್ರಿಯೆಲ್ಲಾ ಬಾತ್‌ರೂಮಿಗೆ ಓಡಾಡೋಕಾ?" ಎಂದಳು. "ಕ್ಯಾಪ್ಸೂಲ್ ಬರತ್ತೆ ಕಣೇ. ಗ್ರೀನ್ ಟೀ ಸಾರಾನೆಲ್ಲಾ ಗಟ್ಟಿ ಮಾಡಿ ತುಂಬಿರ್ತಾರೆ. ಒಂದು ನುಂಗಿದ್ರೆ ಕೊಡಗಟ್ಟಲೆ ಟೀ ಕುಡಿದ ಹಾಗೆ. ಗಿಡದ್ದು ತಾನೆ, ಏನೂ ಆಗಲ್ಲ. ನಮ್ಮ ಓರಗಿತ್ತಿ ಸಣ್ಣ ಆಗೋಕೆ ತಗೋತಾಳೆ."

"ಸಣ್ಣ ಆದಳಾ?"

"ಇಲ್ಲ. ಆದ್ರೆ ಅದು ಅವಳ ತಪ್ಪು, ಕ್ಯಾಪ್ಸೂಲಿಂದಲ್ಲ."

ಫೋನಿನಲ್ಲೇ ತರಿಸಿಕೊಟ್ಟಳು. ಹಸಿರು ಎಲೆಯ ಚಿತ್ರವಿದ್ದ ಚಂದದ ಬಾಟಲಿ. ಅದರೊಳಗೆ ಮಡಚಿದ ಕಾಗದವೇ ಇರಲಿಲ್ಲ! ಅಡ್ಡಪರಿಣಾಮದ ಮಾತೇ ಇಲ್ಲದ ಔಷಧ ಎಂದು ನನ್ನ ಜೀವ ತಂಪಾಯಿತು. ಅಡ್ಡಪರಿಣಾಮ ಇಲ್ಲದಿರುವುದಕ್ಕೂ, ಅದನ್ನು ಬರೆಯದಿರುವುದಕ್ಕೂ ವ್ಯತ್ಯಾಸವಿದೆ ಎಂಬ ಸರಳ ವ್ಯಾಕರಣ ಈ ಕನ್ನಡ ಟೀಚರಿಗೆ ಹೊಳೆಯಲಿಲ್ಲ. ಸಿಂಚನಳಿಗೆ ತಿಳಿದರೆ ಬೈಯುತ್ತಾಳೆ ಎಂದು ಬಾಟಲಿಯನ್ನು ನನ್ನ ಶಾಲೆಯ ಬ್ಯಾಗಿನ ಒಳಖಾನೆಯಲ್ಲಿ ಇಟ್ಟುಕೊಂಡೆ. ಬಾಟಲಿಯ ಮೇಲೆ ಹೇಳಿದ್ದಕ್ಕಿಂತ ಒಂದು ಹೆಚ್ಚಾಗಿಯೇ ನುಂಗಿದೆ. ಹೆದರಿಕೆ ಹೆಚ್ಚಿದ್ದ ದಿನ ಎರಡು ಹೆಚ್ಚು.

ಡಾಕ್ಟರಮ್ಮ ಹೇಳಿದ್ದ ರಕ್ತ ಪರೀಕ್ಷೆಯ ದಿನ ಬಂತು. ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಟ್ಟು ಬಂದೆ. ಚುಚ್ಚಿದ ಹುಡುಗಿ, "ಯಾಕ್ ಆಂಟಿ ಮುಖ ಆ ಕಡೆ ತಿರುಗಿಸ್ಕೊಂಡ್ರಿ? ಸೂಜಿ ಭಯಾನಾ?" ಎಂದಳು. ಸೂಜಿಯಲ್ಲಮ್ಮ, ಅದು ಎಳೆದುಕೊಂಡು ಹೋಗುವ ಸುದ್ದಿಯ ಭಯ ಎನ್ನಬೇಕೆನಿಸಿತು. ಶಾಲೆಯಲ್ಲಿ ಮಕ್ಕಳಿಗೆ ಸಂಧಿ ಹೇಳಿಕೊಡಲು ನಿಂತು ಸಮಾಸ ಹೇಳಿಕೊಟ್ಟೆ. ಒಬ್ಬರೂ ಎತ್ತಿ ಹೇಳಲಿಲ್ಲ, ಅದು ಇನ್ನೊಂದು ದುಃಖ. ರಿಪೋರ್ಟ್ ಸಂಜೆ ಫೋನಿಗೆ ಬರುತ್ತದೆ ಎಂದಿದ್ದರು. ಮನೆಗೆ ಬಂದು ಫೋನನ್ನು ಮುಂದಿಟ್ಟುಕೊಂಡು ಕೂತಿದ್ದೆ. ಸಿಂಚನ ಬಂದಳು. ಬಾಗಿಲಿಗೆ ಹೋಗಿ ಮಾಮೂಲಿನಂತೆ ಕೇಳಿದೆ.

"ಮೂರನೇ ಗುಂಪು ಹೇಗಿದೆ?"

ಅವಳು ಚಪ್ಪಲಿಯನ್ನೂ ಬಿಡದೆ ನೇರವಾಗಿ ರೂಮಿಗೆ ಹೋದಳು. ಹಿಂದೆಯೇ ಹೋದೆ. ಮಂಚದ ಮೇಲೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಹಾಗೇ ಕೂತಿದ್ದಳು.

"ಹೋಯ್ತಾ?" ಎಂದೆ.

"ಎಲ್ಲಾ ಹೋಯ್ತು ದೊಡ್ಡಮ್ಮ."

"ಎಲ್ಲಾ ಅಂದ್ರೆ? ನಾಲ್ಕನೇ ಗುಂಪು? ಟೀ ಕುಡಿದಿತ್ತಲ್ಲೇ!"

"ಲಿವರ್ ನೋಡ್ಬೇಕಲ್ಲ ದೊಡ್ಡಮ್ಮ. ಹೊರಗಿಂದ ನೋಡೋಕಾಗಲ್ಲ. ಇವತ್ತು ಕೊನೇ ದಿನ ಇತ್ತು. ನಾಲ್ಕೂ ಗುಂಪು…" ಎಂದವಳು ಬ್ಯಾಗಿನ ಜಿಪ್ಪನ್ನು ಎಳೆದಳು, ಬಿಟ್ಟಳು. "ನೋವಾಗದೆ ಇರೋ ಹಾಗೇ ಮಾಡ್ತಾರೆ. ನಿಯಮ ಇದೆ, ಅನುಮತಿ ತಗೊಂಡಿರ್ತಾರೆ. ನಂಗೆ ಎಲ್ಲಾ ಗೊತ್ತಿತ್ತು. ಆದ್ರೆ ಅದು ಇವತ್ತೂ ಬಂದು ಕೈಯಲ್ಲಿ ಕೂತ್ಕೊಳ್ತು" ಎಂದಳು.

ಇಷ್ಟು ದಿನವೂ ನಾನು ಮೂರು ಕೆಟ್ಟದ್ದು ನಾಲ್ಕು ಒಳ್ಳೆಯದು ಎಂದು, ಪರೀಕ್ಷೆಯಲ್ಲಿ ಪಾಸು ಫೇಲಿನಂತೆ ನೋಡಿಕೊಂಡಿದ್ದೆ. ಪಾಸಾದವರಿಗೂ ಫೇಲಾದವರಿಗೂ ಕೊನೆಯ ಗಂಟೆ ಒಂದೇ ಎಂದು ಯೋಚಿಸಿಯೇ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ದಿನವೂ ಆ ಬಾಗಿಲಲ್ಲಿ ನಿಂತು ಇಲಿಗಳ ಸುದ್ದಿ ಕೇಳಿದವಳು ಈ ಹುಡುಗಿ ಹೇಗಿದ್ದಾಳೆ ಎಂದು ಒಂದು ದಿನವೂ ಕೇಳಿರಲಿಲ್ಲ. ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಅವಳು ನನ್ನ ಹೆಗಲಿಗೆ ಒರಗಿ ಅತ್ತಳು, ಸಣ್ಣವಳಿದ್ದಾಗ ತಿಪಟೂರಿನಲ್ಲಿ ಮಂಡಿ ತರಚಿಕೊಂಡು ಬಂದು ಅಳುತ್ತಿದ್ದ ಹಾಗೆಯೇ. ಯಜಮಾನರು ಬಾಗಿಲಿಗೆ ಬಂದು ಇಣುಕಿ, ಯಾವ ತಮಾಷೆಯನ್ನೂ ಮಾಡದೆ ಹಿಂದಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಕಾಫಿಯ ಘಮ ಬಂತು. ಮೂವರೂ ಗಟ್ಟಿ ಹಾಲಿನ ಕಾಫಿ ಕುಡಿದೆವು. ಗ್ರೀನ್ ಟೀ ಲೋಟವನ್ನು ಆವತ್ತು ಯಾರೂ ಮುಟ್ಟಲಿಲ್ಲ.

ಆ ಗಲಾಟೆಯಲ್ಲಿ ಫೋನ್ ನೋಡುವುದನ್ನೇ ಮರೆತಿದ್ದೆ. ಯಜಮಾನರು ತಂದುಕೊಟ್ಟರು. ರಿಪೋರ್ಟ್ ಬಂದಿತ್ತು. ಲಿವರಿನ ಸಾಲಿನಲ್ಲಿ ಎರಡು ಅಂಕಿಗಳು ದಪ್ಪ ಅಕ್ಷರದಲ್ಲಿದ್ದವು, ಪಕ್ಕದಲ್ಲಿ ಮೇಲಕ್ಕೆ ಹೋಗುವ ಬಾಣದ ಗುರುತು. ಎಲ್ಲಿಗೆ ಹೋಗಲು ಹೇಳುತ್ತಿದೆ ಎಂದು ನನಗೆ ಅರ್ಥವಾಯಿತು. "ರೀ, ನಾನು ಹೇಳಿರ್ಲಿಲ್ವಾ?" ಎಂದೆ. ಸಿಂಚನ ಮೂಗು ಒರೆಸಿಕೊಂಡು ಫೋನ್ ಕಿತ್ತುಕೊಂಡು ನೋಡಿ, "ಸ್ವಲ್ಪ ಜಾಸ್ತಿ ಇದೆ ಅಷ್ಟೇ. ನಾಳೆ ನಾನೇ ಬರ್ತೀನಿ ಡಾಕ್ಟರ್ ಹತ್ರ" ಎಂದಳು. ಅಳುತ್ತಿದ್ದ ಹುಡುಗಿ ಒಂದೇ ಕ್ಷಣದಲ್ಲಿ ನನಗಿಂತ ದೊಡ್ಡವಳಾಗಿಬಿಟ್ಟಿದ್ದಳು.

ಮರುದಿನ ಜಯನಗರದ ಕ್ಲಿನಿಕ್ಕಿನಲ್ಲಿ ನನ್ನ ಸರದಿ ಬರುವವರೆಗೆ ನಾನು ಮನಸ್ಸಿನಲ್ಲೇ ಯಾರ ಯಾರ ಒಡವೆ ಯಾರಿಗೆ ಎಂದು ಹಂಚಿ ಮುಗಿಸಿದ್ದೆ. ವನಮಾಲಾಳಿಗೆ ಏನನ್ನೂ ಇಟ್ಟಿರಲಿಲ್ಲ. ಡಾಕ್ಟರಮ್ಮ ರಿಪೋರ್ಟ್ ನೋಡಿ, ಹೋದ ಸಲದ್ದನ್ನೂ ತೆಗೆಸಿ ನೋಡಿ ಹುಬ್ಬು ಗಂಟಿಕ್ಕಿದರು.

"ಇಷ್ಟು ತಿಂಗಳಿಂದ ಸರಿಯಾಗಿತ್ತಲ್ಲ. ಬೇರೆ ಏನಾದ್ರೂ ತಗೋತಿದೀರಾ ಅಮ್ಮಾ? ನೋವಿನ ಮಾತ್ರೆ, ನಾಟಿ ಔಷಧಿ, ಪೌಡರ್ರು, ಏನಾದ್ರೂ?"

"ಇಲ್ಲ ಡಾಕ್ಟರೇ. ನೀವು ಕೊಟ್ಟಿದ್ದು ಬಿಟ್ರೆ ಏನಿಲ್ಲ."

"ಗ್ರೀನ್ ಟೀ ಕುಡೀತಿದಾರೆ ಡಾಕ್ಟರ್" ಎಂದಳು ಸಿಂಚನ.

"ಅದು ಔಷಧಿ ಅಲ್ವಲ್ಲ" ಎಂದೆ ನಾನು.

"ದಿನಕ್ಕೆ ಒಂದೆರಡು ಕಪ್ ಆದ್ರೆ ಯೋಚನೆ ಇಲ್ಲ. ಅಷ್ಟೇ ತಾನೆ?"

ಡಾಕ್ಟರಮ್ಮನ ಕಣ್ಣು ನನ್ನ ಮೇಲೆ ನಿಂತಿತು. ತರಗತಿಯಲ್ಲಿ ನಾನು ಮಕ್ಕಳನ್ನು ನೋಡುವ ನೋಟವೇ ಅದು. ಯಾರು ಮಾಡಿದ್ದು ಎಂದು ಗೊತ್ತಿದ್ದೂ, ಅವರೇ ಎದ್ದು ನಿಲ್ಲಲಿ ಎಂದು ಕಾಯುವ ನೋಟ. ಅದರ ಎದುರು ಎಷ್ಟು ಹೊತ್ತು ಕೂರಲು ಸಾಧ್ಯ? ಬ್ಯಾಗಿನ ಒಳಖಾನೆಗೆ ಕೈ ಹಾಕಿ ಬಾಟಲಿ ತೆಗೆದು ಮೇಜಿನ ಮೇಲಿಟ್ಟೆ.

"ದೊಡ್ಡಮ್ಮ!" ಸಿಂಚನಳ ದನಿ ಕ್ಲಿನಿಕ್ಕಿನ ಹೊರಗೂ ಕೇಳಿಸಿರಬೇಕು. "ಇದನ್ ಯಾರ್ ಕೊಟ್ರು ನಿಂಗೆ? ಯಾವಾಗ್ಲಿಂದ? ನಂಗೆ ಒಂದ್ ಮಾತು ಹೇಳ್ಬಾರ್ದಿತ್ತಾ?"

ಡಾಕ್ಟರಮ್ಮ ಬಾಟಲಿಯನ್ನು ತಿರುಗಿಸಿ ತಿರುಗಿಸಿ ಓದಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೋಡಿ ಅಮ್ಮಾ, ಲೋಟದಲ್ಲಿ ಕುಡಿಯೋದು ಬೇರೆ, ಸಾರ ಗಟ್ಟಿ ಮಾಡಿ ನುಂಗೋದು ಬೇರೆ. ಈ ಥರ ಕ್ಯಾಪ್ಸೂಲ್ ಜಾಸ್ತಿ ತಗೊಂಡು ಲಿವರ್ ಕೆಡಿಸ್ಕೊಂಡು ಬಂದವರೂ ಇದಾರೆ. ಗಿಡದ್ದು ಅಂದ ಮಾತ್ರಕ್ಕೆ ಸಾಧು ಅಲ್ಲ" ಎಂದರು.

"ಲಿವರ್ ಕಾಪಾಡೋಕೆ ಅಂತಲೇ ತಗೊಂಡೆ ಡಾಕ್ಟರೇ" ಎಂದೆ. ಹೇಳುವಾಗಲೇ ಆ ಮಾತು ಎಷ್ಟು ಪೆದ್ದಾಗಿದೆ ಎಂದು ಕೇಳಿಸಿತು.

"ಹಾಗಾದ್ರೆ ಕೆಡಿಸಿದ್ದು ಯಾರು? ಮಾತ್ರೇನೋ, ಇದೋ?" ಎಂದು ಸಿಂಚನ ಕೇಳಿದಳು.

"ಈಗಲೇ ಹೇಳೋಕಾಗಲ್ಲ. ಈ ವಾರದ ಮಾತ್ರೆ ನಿಲ್ಲಿಸೋಣ. ಆಮೇಲೆ ಇನ್ನೊಂದ್ ಸಲ ಟೆಸ್ಟ್. ಸರಿ ಬಂದ್ರೆ ಮಾತ್ರೆ ಮತ್ತೆ ಶುರು, ನೀವಾಗೇ ಅದನ್ನ ಬಿಡೋ ಹಾಗಿಲ್ಲ. ಬಿಟ್ರೆ ಬೆರಳು ಮತ್ತೆ ಹಿಡ್ಕೊಳತ್ತೆ. ಈ ಬಾಟ್ಲಿ ಮಾತ್ರ ಇಲ್ಲೇ ಇರ್ಲಿ" ಎಂದು ಅದನ್ನು ತಮ್ಮ ಮೇಜಿನ ಡ್ರಾಯರಿಗೆ ಹಾಕಿಕೊಂಡರು. ಮಕ್ಕಳ ಕೈಯಿಂದ ಗೋಲಿ ಕಿತ್ತು ನನ್ನ ಡ್ರಾಯರಿಗೆ ಹಾಕಿಕೊಳ್ಳುವುದು ನೆನಪಾಗಿ ತಲೆ ತಗ್ಗಿಸಿದೆ.

ಆಟೋದಲ್ಲಿ ಬನಶಂಕರಿಗೆ ಬರುವ ದಾರಿಯುದ್ದಕ್ಕೂ ಸಿಂಚನ ಡಾಕ್ಟರಮ್ಮನ ಚೀಟಿಯನ್ನು ಮಡಚುತ್ತ ಬಿಚ್ಚುತ್ತ ಕೂತಿದ್ದಳು. ಮನೆ ಹತ್ತಿರ ಬಂದಾಗ, "ನಿಂಗೆ ಅಷ್ಟು ಭಯ ಆಗಿತ್ತಾ ದೊಡ್ಡಮ್ಮ?" ಎಂದಳು.

"ಹೂಂ ಕಣೇ."

"ನಾನು ದಿನಾ ಬಂದು ಇಲಿ ಕಥೆ ಹೇಳಿ ಹೇಳಿ ಇನ್ನೂ ಹೆದರಿಸಿದೆ. ನೀನು ಕೇಳ್ತೀಯಾ ಅಂತ ಖುಷಿಗೆ ಹೇಳ್ತಿದ್ದೆ. ಕಾಲೇಜಲ್ಲಿ ಯಾರೂ ಕೇಳಲ್ಲ." ಅವಳು ನನ್ನ ಕೈ ಹಿಡಿದುಕೊಂಡಳು. ಬೆರಳುಗಳನ್ನು ನೋಯದಂತೆ, ಹಗುರವಾಗಿ.

ಆ ಒಂದು ವಾರವನ್ನು ಹೇಗೆ ಕಳೆದೆನೋ ನನಗೇ ಗೊತ್ತು. ಮಾತ್ರೆ ನುಂಗಿದರೆ ಲಿವರಿನ ಭಯ, ಬಿಟ್ಟರೆ ಬೆರಳಿನ ಭಯ. ಬೆಳಿಗ್ಗೆ ಎದ್ದ ಕೂಡಲೇ ಫಿಲ್ಟರಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ನೋಡುತ್ತಿದ್ದೆ. ಆ ಸದ್ದಿಗೆ ಎಚ್ಚರಗೊಂಡ ಯಜಮಾನರು, "ತೆಗೀತಾ? ಹಾಗಾದ್ರೆ ಕಾಫಿ ಕೊಡು" ಎನ್ನುತ್ತಿದ್ದರು. ಪಾರ್ಕಿನಲ್ಲಿ ವನಮಾಲಾಳಿಗೆ ನಡೆದದ್ದನ್ನೆಲ್ಲ ಹೇಳಿದೆ. ಆಕೆ ಗಾಬರಿಯಿಂದ ನಿಂತಲ್ಲೇ ಓರಗಿತ್ತಿಗೆ ಫೋನ್ ಮಾಡಿ ಬಾಟಲಿ ಬಿಸಾಡಿಸಿದಳು. ಆಮೇಲೆ ಫೋನ್ ಇಟ್ಟು, "ಲಿವರ್‌ಗೆ ಒಂದು ಕಷಾಯ ಬರತ್ತೆ ಕಣೇ" ಎಂದು ಶುರು ಮಾಡಿದಳು. ನಾನು ಜೀವನದಲ್ಲಿ ಮೊದಲ ಸಲ ಅವಳಿಗಿಂತ ಜೋರಾಗಿ ನಡೆದೆ.

ಮತ್ತೆ ಪರೀಕ್ಷೆ ಮಾಡಿಸಿದಾಗ ಬಾಣದ ಗುರುತುಗಳು ಹೋಗಿದ್ದವು. ಡಾಕ್ಟರಮ್ಮ ಮಾತ್ರೆಯನ್ನು ಮತ್ತೆ ಶುರು ಮಾಡಿಸಿದರು. ಅದಾದ ಮೇಲೆ ನೋಡಿದಾಗಲೂ ಲಿವರ್ ಸರಿಯಾಗಿಯೇ ಇತ್ತು. ಅಪರಾಧಿ ಬಾಟಲಿಯೇ ಇದ್ದಿರಬೇಕು ಎಂದು ಆಕೆಯೂ ಸಿಂಚನಳೂ ಮಾತಾಡಿಕೊಂಡರು. ಅವಳ ಇಲಿಗಳ ಫಲಿತಾಂಶವೂ ಬಂತು. ಚಹಾ ಕುಡಿದ ನಾಲ್ಕನೆಯ ಗುಂಪಿನ ಲಿವರ್ ಮೂರನೆಯದಕ್ಕಿಂತ ಚೆನ್ನಾಗಿತ್ತಂತೆ. "ಆದ್ರೆ ಅದು ಇಲೀಲಿ, ಆ ಅಳತೇಲಿ. ಇಷ್ಟೇ ಹೇಳ್ಬಹುದು. ಮನುಷ್ಯರ ವಿಷಯ ಇನ್ನೂ ತುಂಬಾ ದೂರ ಇದೆ" ಎಂದು ಅವಳು ನನ್ನ ಮುಖವನ್ನೇ ನೋಡುತ್ತ, ಒಂದೊಂದೇ ಪದ ಬಿಡಿಸಿ ಹೇಳಿದಳು. ನಾನು ಹೂಂ ಎಂದೆ. "ಹೂಂ ಅಂದ್ರೆ ಸಾಲ್ದು, ನೀನೇ ಒಂದ್ಸಲ ಹೇಳು" ಎಂದು ಬಾಯಿಪಾಠ ಒಪ್ಪಿಸಿಕೊಂಡಳು.

ಮೊನ್ನೆ ಅವಳ ಪ್ರಬಂಧ ದಪ್ಪ ರಟ್ಟು ಕಟ್ಟಿಸಿಕೊಂಡು ಮನೆಗೆ ಬಂತು. ಎಲ್ಲ ಇಂಗ್ಲಿಷಿನಲ್ಲಿ. ದೇವರ ಮುಂದೆ ಇಟ್ಟು, ಕುಂಕುಮ ಹಚ್ಚಿ, ಆಮೇಲೆ ಮೊದಲಲ್ಲೇ ಇದ್ದ ಕೃತಜ್ಞತೆಗಳ ಪುಟವನ್ನು ಕನ್ನಡದಲ್ಲಿ ಹೇಳುತ್ತ ಓದಿದಳು. ಗೈಡ್, ಕಾಲೇಜು, ಅಪ್ಪ ಅಮ್ಮ, ದೊಡ್ಡಪ್ಪ ಎಲ್ಲರೂ ಬಂದು ಹೋದರು. ಕಡೆಯ ವಾಕ್ಯ ಹೀಗಿತ್ತು: ಈ ಕೆಲಸಕ್ಕಾಗಿ ಜೀವ ಕೊಟ್ಟ ಪ್ರಾಣಿಗಳಿಗೂ, ದಿನವೂ ಅವುಗಳ ಯೋಗಕ್ಷೇಮವನ್ನು ಕಳಕಳಿಯಿಂದ ವಿಚಾರಿಸುತ್ತಿದ್ದ ನನ್ನ ದೊಡ್ಡಮ್ಮನಿಗೂ ನಾನು ಋಣಿ.

"ಇಲಿಗಳ ಸಾಲಲ್ಲೇ ಕೂರಿಸಿದಾಳಲ್ಲ ನಿನ್ನ" ಎಂದು ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಕಣ್ಣು ತುಂಬಿ ಬಂತು. ತುಂಬಿದ್ದರಲ್ಲಿ ಅರ್ಧ ಪ್ರೀತಿ, ಅರ್ಧ ನಾಚಿಕೆ. ಅವುಗಳ ಯೋಗಕ್ಷೇಮ ಯಾರು ವಿಚಾರಿಸಿದರು? ನಾನು ಆ ಬಾಗಿಲಲ್ಲಿ ನಿಂತು ಕೇಳುತ್ತಿದ್ದದ್ದೆಲ್ಲ ನನ್ನ ಯೋಗಕ್ಷೇಮವನ್ನು. ಅವಕ್ಕೆ ಹೊಟ್ಟೆ ನೋಯುತ್ತಿತ್ತೋ, ಭಯವಾಗುತ್ತಿತ್ತೋ ಎಂಬ ಯೋಚನೆ ನನ್ನ ಹತ್ತಿರ ಸುಳಿದಿರಲಿಲ್ಲ. ಕಡಲೆಕಾಯಿ ಕಾಗದದ ತಪ್ಪನ್ನೂ ಬಿಡದೆ ತಿದ್ದುವ ನಾನು ಇಷ್ಟು ದೊಡ್ಡ ತಪ್ಪನ್ನು ತಿದ್ದಬೇಕಿತ್ತು. ಹೇಗೂ ರಟ್ಟು ಕಟ್ಟಿ ಆಗಿದೆ, ಈಗ ಬದಲಾಯಿಸಲು ಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಕನ್ನಡಕ ಒರೆಸಿಕೊಂಡು, ಆ ಪುಟದ ಫೋಟೋ ತೆಗೆದು, 'ಕಳಕಳಿಯಿಂದ' ಎಂಬುದರ ಇಂಗ್ಲಿಷ್ ಪದ ಚೆನ್ನಾಗಿ ಕಾಣುವಂತೆ ನೋಡಿಕೊಂಡು, ನೆಂಟರಿಷ್ಟರ ವಾಟ್ಸ್ಯಾಪಿಗೆ ಕಳಿಸಿದೆ.